ಗ್ರೀನ್ ಕಾರ್ಡೋ, ಪ್ರಾಧ್ಯಾಪಕ ಹುದ್ದೆಯೋ?

ಅಮೆರಿಕದ ಗ್ರೀನ್ ಕಾರ್ಡ್ ಇರುವ ಭದ್ರಾವತಿಯ ಹುಡುಗನೊಬ್ಬನಿಗೆ ಜರ್ಮನಿಯಲ್ಲಿ ಪ್ರಾಧ್ಯಾಪಕನ ಕೆಲಸ ಸಿಕ್ಕಿದೆ. ಹೋದರೆ ಕಾರ್ಡ್ ಹೋಗುತ್ತದಂತೆ. ‘ಕಾಯಂ’ ಎಂದ ಮೇಲೆ ಹೋಗುವುದು ಹೇಗೆ? – ಓದುಗರು, ಶಿವಮೊಗ್ಗ

ಗ್ರೀನ್ ಕಾರ್ಡ್ ಎಂದರೆ ಅಮೆರಿಕದಲ್ಲಿ ಕಾಯಂ ಆಗಿ ನೆಲೆಸುವ ಹಕ್ಕು, ಪೌರತ್ವವಲ್ಲ. ಭದ್ರಾವತಿಯವರಿಗೆ ಕಾರ್ಖಾನೆಯ ಕ್ವಾರ್ಟರ್ಸ್ ಗೊತ್ತು. ಸ್ವಂತ ಮನೆಗೆ ಬೀಗ ಹಾಕಿ ಹತ್ತು ವರ್ಷ ಹೊರಗಿದ್ದರೂ ಅದು ಮಾಲೀಕನದೇ. ಕ್ವಾರ್ಟರ್ಸ್ ಹಾಗಲ್ಲ, ಅಲ್ಲಿ ವಾಸವಿಲ್ಲದೆ, ಒಲೆ ಹೊತ್ತದೆ ತಿಂಗಳುಗಳು ಉರುಳಿದರೆ, ಬೀಗದ ಕೈ ಜೇಬಿನಲ್ಲಿದ್ದರೂ ಹಕ್ಕು ಉಳಿಯದು.

ಗ್ರೀನ್ ಕಾರ್ಡ್ ಕೂಡ ಹೀಗೆಯೇ. 6 ತಿಂಗಳು ಮೀರಿ ಹೊರಗಿದ್ದು ಮರಳಿದರೆ ವಿಮಾನ ನಿಲ್ದಾಣದ ಅಧಿಕಾರಿಗಳು ಮನೆ ಎಲ್ಲಿ, ಸಂಸಾರ ಎಲ್ಲಿ, ತೆರಿಗೆ ಎಲ್ಲಿ ಎಂದು ಕೇಳಬಹುದು. ವರ್ಷ ದಾಟಿದರೆ ಬರೀ ಕಾರ್ಡ್ ಸಾಲದು. ಅದಕ್ಕಾಗಿ ಸಾಮಾನ್ಯವಾಗಿ 2 ವರ್ಷದವರೆಗಿನ ಮರುಪ್ರವೇಶ ಪರವಾನಗಿ ಇದೆ. ಅರ್ಜಿಯನ್ನು ಅಮೆರಿಕ ಬಿಡುವ ಮೊದಲೇ ಹಾಕಬೇಕು. ಅಲ್ಪಾವಧಿಯ ಹುದ್ದೆಗೆ ಇದು ಸಾಕು, ಕಾಯಂ ಹುದ್ದೆಗೆ ಅಲ್ಲ.

ಕಾರ್ಡ್ ಬಿಡಲು ಕರುಳು ಒಪ್ಪದಿರುವುದು ಸಹಜ. ಉದ್ಯೋಗದ ಆಧಾರದ ಕಾರ್ಡುಗಳಲ್ಲಿ ಒಂದು ದೇಶದಲ್ಲಿ ಹುಟ್ಟಿದವರಿಗೆ ಸುಮಾರು ಶೇ. 7ರ ಮಿತಿ ಇರುವುದರಿಂದ ಭಾರತೀಯರ ಸರದಿ ಎಷ್ಟೋ ಸಲ 10 ವರ್ಷ ಮೀರುತ್ತದೆ. ಕಾರ್ಡ್ ಸಿಕ್ಕಿ 5 ವರ್ಷವಾದ ಮೇಲೆ ಸಾಮಾನ್ಯವಾಗಿ ಪೌರತ್ವ ಕೇಳಬಹುದು. ಈಗಾಗಲೇ 4 ವರ್ಷ ಕಳೆದವರು ಕೆಲಸಕ್ಕೆ ಸೇರುವ ದಿನವನ್ನು ಮುಂದೂಡಲು ವಿಶ್ವವಿದ್ಯಾಲಯವನ್ನು ಕೇಳುವುದೇ ಲೇಸು. ಆದರೆ ಭಾರತ ಎರಡು ಪೌರತ್ವ ಒಪ್ಪದು; ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕಾಗುತ್ತದೆ.