ಜಾಲಹಳ್ಳಿಯ ಗಾಜಿನ ಪೆಟ್ಟಿಗೆ, ಕೊಳ್ಳೇಗಾಲದ ಬೀರು

2019ರ ನವೆಂಬರ್‌ನಲ್ಲಿ ಜಿನೀವಾದ ಹರಾಜೊಂದರಲ್ಲಿ ಪಟೆಕ್ ಫಿಲಿಪ್ ಕಂಪನಿಯ ಒಂದು ಕೈಗಡಿಯಾರ 3.1 ಕೋಟಿ ಸ್ವಿಸ್ ಫ್ರಾಂಕಿಗೆ ಹೋಯಿತು. ಆಗಿನ ನಮ್ಮ ಲೆಕ್ಕದಲ್ಲಿ ಅದು 220 ಕೋಟಿ ರೂಪಾಯಿ ದಾಟುತ್ತದೆ. ಅದೇನು ಚಿನ್ನದ್ದೂ ಅಲ್ಲ, ಸ್ಟೀಲಿನದು! ಸ್ನಾಯುಕ್ಷಯ ರೋಗದ ಸಂಶೋಧನೆಗೆ ಹಣ ಕೂಡಿಸಲು ನಡೆದ ಹರಾಜಾದ್ದರಿಂದ ಕೊಂಡವರಿಗೆ ವಾಚಿನ ಜತೆ ಪುಣ್ಯವೂ ಬಂತು ಎನ್ನೋಣ. ಇಂಥ ವಾಚುಗಳನ್ನು ಗಾಜಿನೊಳಗಿಟ್ಟು ತೋರಿಸುವ ಮೇಳಗಳು ಜಿನೀವಾ, ದುಬೈಗಳಲ್ಲಿ ನಡೆಯುತ್ತವೆ. ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರಿನ ಕಡೆಗೆ ಅವು ಬರುವ ಸಂಭವವಿಲ್ಲ. ಬಂದರೂ ಸಾಲಿನಲ್ಲಿ ನಿಂತು ನೋಡಿ, ಬೆಲೆ ಕೇಳಿ ನಕ್ಕು, ಬಸ್ಸು ಹತ್ತಬೇಕು ಅಷ್ಟೆ.

ನಮ್ಮವರು ನೋಡಿದರೆ 'ಅರೆ, ಇದು ನಮ್ಮಪ್ಪನ ಹತ್ರ ಇತ್ತಲ್ಲ' ಎನ್ನುವಂಥ ಪ್ರದರ್ಶನ ಇರುವುದು ಬೆಂಗಳೂರಿನ ಜಾಲಹಳ್ಳಿಯಲ್ಲಿ. ಹಳೆಯ ಬಂಗಲೆಯೊಂದನ್ನು ಸಜ್ಜು ಮಾಡಿ 2019ರಲ್ಲಿ ತೆರೆದ ಎಚ್‌ಎಂಟಿ ಪರಂಪರೆ ಕೇಂದ್ರ ಮತ್ತು ಮ್ಯೂಸಿಯಂ ಅದು. ಕೊಳ್ಳೇಗಾಲದಿಂದ ಮಳವಳ್ಳಿ, ಕನಕಪುರದ ಮೇಲೆ ಹೋದರೆ ಬೆಂಗಳೂರಿನ ದಕ್ಷಿಣದ ಬಾಗಿಲು ಸಿಗುತ್ತದೆ. ಜಾಲಹಳ್ಳಿ ಇನ್ನೊಂದು ತುದಿಯಲ್ಲಿದೆ. ಊರಿನಿಂದ ಬೆಂಗಳೂರು ಮುಟ್ಟುವಷ್ಟೇ ಸಹನೆ ಬೆಂಗಳೂರೊಳಗೆ ಜಾಲಹಳ್ಳಿ ಮುಟ್ಟುವುದಕ್ಕೂ ಬೇಕು. ಆದರೆ ಹೋಗಿ ಬಂದದ್ದಕ್ಕೆ ನಷ್ಟವಿಲ್ಲ.

ವಾಚಿನ ಕಥೆಗೆ ಹೋಗುವ ಮೊದಲು ನಮ್ಮ ಕಡೆಯ ಗಂಟೆಯ ಕಥೆ ಒಂದಿಷ್ಟು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಈಗ ಬೇರೆ ತಾಲ್ಲೂಕಾಗಿರುವ ಹನೂರು ಆಗ ಅದರೊಳಗೇ ಸೇರಿತ್ತು. ಪಕ್ಕದ ಯಳಂದೂರು ಮಾತ್ರ ಮೈಸೂರಿನದು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟ ಸೀಮೆ. ಇಡೀ ದೇಶಕ್ಕೆ ಒಂದೇ ಸಮಯ ಎಂದು ಗೊತ್ತುಮಾಡಿದ್ದು 1906ರ ಜನವರಿ 1ರಿಂದ. ಅದಕ್ಕೆ ಮುಂಚೆ ರೈಲುಗಳು ನಡೆಯುತ್ತಿದ್ದದ್ದು ಮದ್ರಾಸ್ ವೇಧಶಾಲೆಯ ಗಂಟೆಯ ಮೇಲೆ, ಅಂದರೆ ಈಗಿನದಕ್ಕಿಂತ ಸುಮಾರು 9 ನಿಮಿಷ ಹಿಂದೆ. ಕೊಳ್ಳೇಗಾಲಕ್ಕೆ ಆಗಲೂ ರೈಲಿರಲಿಲ್ಲ, ಈಗಲೂ ಇಲ್ಲ. ಹಾಗಾಗಿ ಆ 9 ನಿಮಿಷದ ತಕರಾರು ನಮ್ಮವರ ನಿದ್ದೆ ಕೆಡಿಸಿರಲಾರದು. ರೇಷ್ಮೆ ಸಾಕುವ ಮನೆಯಲ್ಲಿ ಹೊತ್ತು ತಿಳಿಯುವುದು ಹುಳುವಿಗೆ ಸೊಪ್ಪು ಹಾಕುವ ಲೆಕ್ಕದಲ್ಲಿ, ದಿನ ತಿಳಿಯುವುದು ಹುಳು ಪೊರೆ ಬಿಡಲು ಎಷ್ಟನೇ ಜ್ವರಕ್ಕೆ ಕೂತಿದೆ ಎನ್ನುವುದರಲ್ಲಿ. ದೊಡ್ಡ ಗಡಿಯಾರ ನೋಡಬೇಕೆಂದರೆ ಮೈಸೂರಿಗೆ ಹೋಗಬೇಕಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ 25 ವರ್ಷ ತುಂಬಿದ ನೆನಪಿಗೆ 1927ರಲ್ಲಿ ಕಟ್ಟಿದ ದೊಡ್ಡ ಗಡಿಯಾರದ ಮುಖದ ಮೇಲೆ ಕನ್ನಡ ಅಂಕಿಗಳಿವೆ. ನನ್ನ ಮಟ್ಟಿಗೆ ಈ ನಾಡಿನ ಅತ್ಯಂತ ಚೆಂದದ ಡಯಲ್ ಅದೇ.

ಕೈಗೆ ಕಟ್ಟುವ ವಾಚು ಬಹಳ ಕಾಲ ಸಾಹುಕಾರರ, ಅಧಿಕಾರಿಗಳ ವಸ್ತುವಾಗಿತ್ತು. ಇದ್ದವೆಲ್ಲ ಹೊರದೇಶದವು: ವೆಸ್ಟ್ ಎಂಡ್, ಫೇವರ್ ಲ್ಯೂಬಾ, ಒಮೇಗಾ. ಮಕ್ಕಳ ಪಾಲಿಗಿದ್ದ ವಾಚು ಒಂದೇ. ಜಾತ್ರೆಯಲ್ಲಿ ಬೊಂಬಾಯಿ ಮಿಠಾಯಿಯವನು ಕೋಲಿಗೆ ಸುತ್ತಿದ ಗುಲಾಬಿ ಮಿಠಾಯಿಯನ್ನು ಎಳೆದೆಳೆದು ಮಣಿಕಟ್ಟಿಗೆ ಕಟ್ಟುತ್ತಿದ್ದನಲ್ಲ, ಅದು. ಟೈಮು ತೋರಿಸದಿದ್ದರೂ ನೆಕ್ಕುವುದಕ್ಕೆ ಬರುತ್ತಿತ್ತು.

ಎಚ್‌ಎಂಟಿ ಹುಟ್ಟಿದ್ದು ವಾಚು ಮಾಡುವುದಕ್ಕಲ್ಲ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ ಶುರುವಾದ ಹಿಂದುಸ್ತಾನ್ ಮೆಷಿನ್ ಟೂಲ್ಸ್ ತಯಾರಿಸುತ್ತಿದ್ದದ್ದು ಲೇಥು, ಕೊರೆಯುವ ಯಂತ್ರಗಳನ್ನು. ಯಂತ್ರ ಮಾಡುವ ಯಂತ್ರದ ಕಾರ್ಖಾನೆ. ವಾಚಿಗೆ ಬಂದಾಗ ಮಾತ್ರ ಸ್ವಿಸ್ಸರನ್ನು ಬಿಟ್ಟು ಜಪಾನಿನ ಸಿಟಿಜನ್ ಕಂಪನಿಯ ಕೈ ಹಿಡಿಯಿತು. 1961ರಲ್ಲಿ ಬೆಂಗಳೂರಿನಲ್ಲಿ ವಾಚಿನ ಕಾರ್ಖಾನೆ ನೆಲೆಗೊಂಡಿತು. ಮೊದಲ ಕೈಗಡಿಯಾರಗಳನ್ನು ಪ್ರಧಾನಿ ಜವಾಹರಲಾಲ್ ನೆಹರೂ ಬಿಡುಗಡೆ ಮಾಡಿದರು. ಗಂಡಸರಿಗೆ ಜನತಾ, ಹೆಂಗಸರಿಗೆ ಸುಜಾತಾ ಎಂಬ ವಾಚುಗಳು ಜನರ ಕೈ ಸೇರಿದವು. ಮುಂದೆ ಶ್ರೀನಗರ, ತುಮಕೂರು, ರಾಣಿಬಾಗ್‌ಗಳಲ್ಲೂ ಕಾರ್ಖಾನೆಗಳು ಎದ್ದವು.

ಮ್ಯೂಸಿಯಂನಲ್ಲಿ ಕಂಪನಿಯ ಯಂತ್ರಗಳಿವೆ, ಟ್ರ್ಯಾಕ್ಟರಿನ ಕಥೆಯೂ ಇದೆ. ಟ್ರ್ಯಾಕ್ಟರ್ ಕಂಡರೆ ನಿಲ್ಲುವವರು ನಮ್ಮ ಕಡೆ ಬಹಳ ಜನ. ಅವರನ್ನು ಅಲ್ಲೇ ಬಿಟ್ಟು ವಾಚುಗಳ ಹತ್ತಿರ ಬನ್ನಿ. ಸಾಲುಸಾಲಾಗಿ ಇಟ್ಟಿರುವ ನೂರಾರು ಮುಖಗಳಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ಜನತಾ ಮುಂದೆ. ಅದರಲ್ಲಿ ನೋಡುವುದಕ್ಕೆ ಏನೂ ಇಲ್ಲ ಎನ್ನುವವರಿದ್ದಾರೆ. ಬಿಳಿ ಮುಖ, ತೆಳ್ಳನೆಯ ಮುಳ್ಳುಗಳು, ತಾರೀಖಿಲ್ಲ, ವಾರವಿಲ್ಲ. ಆದರೆ ಬೇಡದ್ದು ಒಂದೂ ಇಲ್ಲ. ಶಾಲೆಯ ಮೇಷ್ಟ್ರು, ಪೋಸ್ಟ್‌ಮಾಸ್ಟರು, ಕಂಡಕ್ಟರು, ರೇಷ್ಮೆ ಗೂಡಿನ ವ್ಯಾಪಾರಿ ಎಲ್ಲರ ಕೈಯಲ್ಲೂ ಒಪ್ಪುವಂಥ ಮುಖ ಬರೆಯುವುದು ಸುಲಭದ ಕೆಲಸವಲ್ಲ. ಊರಿಗೆ ಒಂದೋ ಎರಡೋ ವಾಚಿದ್ದ ಕಾಲದಲ್ಲಿ 'ಗಂಟ ಎಷ್ಟಾಗದ ಸಾ?' ಎಂದು ದಾರಿಯಲ್ಲಿ ನಿಲ್ಲಿಸಿ ಕೇಳುತ್ತಿದ್ದರು. ಮೇಷ್ಟ್ರು ಅಂಗಿಯ ತೋಳನ್ನು ಮೇಲೆ ಸರಿಸಿ, ಒಂದು ಗಳಿಗೆ ತಡೆದು, ಆಮೇಲೆ ಹೇಳುತ್ತಿದ್ದರು. ಆ ತಡೆಯುವುದರಲ್ಲಿ ಸ್ವಲ್ಪ ಗತ್ತು ಇತ್ತು.

ಆ ಡಯಲ್ ಮೇಲೆ ಸಣ್ಣ ಅಕ್ಷರದಲ್ಲಿ '17 ಜ್ಯುವೆಲ್ಸ್', 'ಪ್ಯಾರಾ ಶಾಕ್' ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ. ವಾಚಿನೊಳಗೆ ಹದಿನೇಳು ವಜ್ರದ ಹರಳಿದೆ, ರಿಪೇರಿಯವನು ಒಂದೊಂದಾಗಿ ಕದಿಯುತ್ತಾನೆ ಎಂದು ನಂಬಿದವರು ಎಷ್ಟೋ ಜನ. ಹರಳು ಇರುವುದು ನಿಜ, ಬೆಲೆಯುಳ್ಳದ್ದಲ್ಲ. ಕುಲುಮೆಯಲ್ಲಿ ತಯಾರಿಸಿದ ಕೃತಕ ಮಾಣಿಕ್ಯ. ಚಕ್ರಗಳ ಅಚ್ಚಿನ ತುದಿ ಲೋಹಕ್ಕೆ ಉಜ್ಜಿದರೆ ಬೇಗ ಸವೆಯುತ್ತದೆ. ನಯವಾದ ಗಟ್ಟಿ ಹರಳಿನ ಗುಂಡಿಯಲ್ಲಿ ಒಂದು ಹನಿ ಎಣ್ಣೆಯೊಡನೆ ತಿರುಗಿದರೆ ದಶಕಗಟ್ಟಲೆ ಬಾಳುತ್ತದೆ. ಪ್ಯಾರಾ ಶಾಕ್ ಸಿಟಿಜನ್ನರ ಕೊಡುಗೆ. ವಾಚು ಕೈಜಾರಿ ಬಿದ್ದರೆ ಮೊದಲು ಮುರಿಯುವುದು ಅತ್ತಿತ್ತ ಆಡುವ ಬ್ಯಾಲೆನ್ಸ್ ಚಕ್ರದ ಕೂದಲೆಳೆಯಂಥ ಅಚ್ಚು. ಅದನ್ನು ಹಿಡಿದ ಹರಳನ್ನು ಸಣ್ಣ ಸ್ಪ್ರಿಂಗಿನ ಮೇಲೆ ಕೂರಿಸಿದರೆ ಏಟು ಬಿದ್ದಾಗ ಹರಳೇ ತುಸು ಸರಿದು ಮತ್ತೆ ಜಾಗಕ್ಕೆ ಬರುತ್ತದೆ. 1956ರಲ್ಲಿ ಈ ಏರ್ಪಾಟಿನ ವಾಚು ತಂದ ಸಿಟಿಜನ್ ಕಂಪನಿ, ನಂಬದವರಿಗೆಂದು ಹೆಲಿಕಾಪ್ಟರಿನಿಂದ ವಾಚುಗಳನ್ನು ಕೆಳಕ್ಕೆ ಹಾಕಿ ತೋರಿಸಿತ್ತು.

ಬೆಳಿಗ್ಗೆ ಎದ್ದು ವಾಚಿಗೆ ಕೀ ಕೊಡುತ್ತಿದ್ದೆವಲ್ಲ, ಆಗ ಒಳಗೆ ಸುರುಳಿ ಸುತ್ತಿಕೊಳ್ಳುತ್ತದೆ. ಬಿಚ್ಚಿಕೊಳ್ಳಲು ಅದು ಹಾತೊರೆಯುತ್ತದೆ, ಬ್ಯಾಲೆನ್ಸ್ ಚಕ್ರ ಒಂದೊಂದೇ ಹಲ್ಲಿನಷ್ಟು ಬಿಡುತ್ತದೆ. ಆ ಬಿಡುವ ಸದ್ದೇ ಟಿಕ್ ಟಿಕ್. ಎಚ್‌ಎಂಟಿಯ ಕೀ ಕೊಡುವ ವಾಚಿನಲ್ಲಿ ಸೆಕೆಂಡಿಗೆ 5 ಸಲ, ಗಂಟೆಗೆ 18,000 ಸಲ, ದಿನಕ್ಕೆ 4,32,000 ಸಲ. ಇಷ್ಟು ಬಡಿತದಲ್ಲಿ ದಿನಕ್ಕೆ ಅರ್ಧ ನಿಮಿಷ ಹಿಂದೆ ಮುಂದೆ ಆದರೆ ಬೈಯುವುದು ಅನ್ಯಾಯ.

ಪೈಲಟ್ ವಾಚಿನ ಮುಂದೆ ಯುವಕರ ಗುಂಪು. ಕಪ್ಪು ಮುಖ, ಕತ್ತಲಲ್ಲಿ ಹೊಳೆಯುವ ಅಂಕಿ ಮತ್ತು ಮುಳ್ಳು. ಸಂಗ್ರಹಕಾರರು ಇದಕ್ಕೆ ಮುಗಿಬೀಳುತ್ತಾರೆ. ಚೆನ್ನಾಗಿದೆ, ಒಪ್ಪುತ್ತೇನೆ, ಆದರೆ ಇದರ ಹೆಸರು ಅದರ ಯೋಗ್ಯತೆಗಿಂತ ತುಸು ಹೆಚ್ಚೇ ಓಡಿದೆ. ಒಳಗಿನ ಯಂತ್ರ ನೋಡಿದರೆ ಪೈಲಟ್ಟೂ ಜನತಾ ಮನೆತನದ್ದೇ. ಜವಾನ್ ಇದೆ, ತೆಳ್ಳನೆಯ ಸೋನಾ ಇದೆ, ಕೊಹಿನೂರ್ ಇದೆ. ಝಲಕ್ ಎಂಬುದರ ಮುಖ ತೆರೆದೇ ಇದೆ, ಚಕ್ರಗಳು ಹೊರಗೇ ಕಾಣುತ್ತವೆ. ಮಕ್ಕಳನ್ನು ಕರೆದುಕೊಂಡು ಹೋದವರು ಮೊದಲು ತೋರಿಸಬೇಕಾದದ್ದು ಇದನ್ನೇ.

ಕಾಂಚನ್ ನೋಡಿದಾಗ ಮದುವೆಮನೆಗಳು ನೆನಪಾಗುತ್ತವೆ. ಕೀ ಕೊಡಬೇಕಾಗಿಲ್ಲ, ಕೈ ಆಡಿಸಿದರೆ ತಾನೇ ಸುತ್ತಿಕೊಳ್ಳುತ್ತದೆ. ವಾರ, ತಾರೀಖು ಎರಡೂ ಉಂಟು. ಮೇಲೆ ಚಿನ್ನದ ಬಣ್ಣ. ಅಳಿಯನಿಗೆ ಸೂಟು, ಬೂಟು, ಉಂಗುರದ ಜತೆ ವಾಚು ಎಂದು ಮಾತುಕತೆಯ ದಿನವೇ ಬರೆಸುತ್ತಿದ್ದ ಕಾಲದಲ್ಲಿ ಕಾಂಚನ್ ಕೇಳಿದರೆ ಹೆಣ್ಣಿನ ತಂದೆ ಬೆವರುತ್ತಿದ್ದರು. ಅಂಗಡಿಯಲ್ಲಿ ಸುಲಭಕ್ಕೆ ಸಿಗುತ್ತಿರಲಿಲ್ಲ, ಸಿಕ್ಕರೆ ಮೇಲುಬೆಲೆ. ಪ್ರದರ್ಶನದ ಫಲಕಗಳು ಇದನ್ನೆಲ್ಲ ಹೇಳುವುದಿಲ್ಲ. ಒಂದು ವಾಚಿಗಾಗಿ ಎಷ್ಟು ಕಡೆ ಕೈಸಾಲ ಆಗಿತ್ತು ಎನ್ನುವುದನ್ನು ನೋಡುವವರೇ ಸೇರಿಸಿಕೊಳ್ಳಬೇಕು.

ಇಡೀ ಪ್ರದರ್ಶನದಲ್ಲಿ ಶ್ರೇಷ್ಠವಾದದ್ದು ಯಾವುದು ಎಂದು ಕೇಳಿದರೆ ಅಂಧರಿಗಾಗಿ ಮಾಡಿದ ಬ್ರೈಲ್ ವಾಚು ಎನ್ನುತ್ತೇನೆ. ಗಾಜಿನ ಮುಚ್ಚಳ ತೆರೆಯುತ್ತದೆ. ಉಬ್ಬು ಚುಕ್ಕಿಗಳನ್ನು, ಮುಳ್ಳುಗಳನ್ನು ಬೆರಳಿನಿಂದ ಸವರಿ ಹೊತ್ತು ತಿಳಿಯಬಹುದು. ಮುಳ್ಳು ಬಾಗಬಾರದು, ಬೆರಳು ತಗುಲಿದರೆ ಜರುಗಬಾರದು. ಸ್ವಿಸ್ ಕುಶಲಿಗಳು ಚಂದ್ರನ ಕಲೆ, ನೂರು ವರ್ಷದ ಪಂಚಾಂಗವನ್ನೆಲ್ಲ ವಾಚಿನೊಳಗೆ ತುಂಬಿ ಕೋಟಿಗಟ್ಟಲೆ ಬೆಲೆ ಹೇಳುತ್ತಾರೆ. ಗಂಟೆ ಎಷ್ಟೆಂದು ಇನ್ನೊಬ್ಬರನ್ನು ಕೇಳುವ ಹಂಗು ತಪ್ಪಿಸಿದ ಈ ವಾಚು ನನಗೆ ಅವಕ್ಕಿಂತ ದೊಡ್ಡದು. ಕನ್ನಡ ಅಂಕಿಗಳಿರುವ ಎಚ್‌ಎಂಟಿ ವಾಚುಗಳೂ ಉಂಟು, ಈಗಿನ ಹುಡುಗರು ಅವನ್ನು ಹುಡುಕಿ ಕಟ್ಟುತ್ತಾರೆ.

ಇಷ್ಟೆಲ್ಲ ಇದ್ದೂ ಎಚ್‌ಎಂಟಿ ಸೋತದ್ದು ಏಕೆ? ಉತ್ತರದ ಅರ್ಧ ಭಾಗ 1969ರ ಡಿಸೆಂಬರ್ 25ರಂದು ಟೋಕಿಯೊದಲ್ಲಿದೆ. ಅಂದು ಸೈಕೋ ಕಂಪನಿ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಬ್ಯಾಟರಿಯಿಂದ ನಡೆಯುವ ಸ್ಫಟಿಕದ ಚೂರಿಗೆ ಸುರುಳಿ ಎದುರಾಳಿಯಾಗಲಿಲ್ಲ. ಸ್ವಿಟ್ಜರ್ಲೆಂಡಿನಲ್ಲೇ ಸಾವಿರಾರು ಜನ ಕೆಲಸ ಕಳೆದುಕೊಂಡರು. ಎಚ್‌ಎಂಟಿಯೂ ಕ್ವಾರ್ಟ್ಜ್ ಮಾಡಿತು, ಆದರೆ ಮನಸ್ಸಿಟ್ಟು ಮಾರಲಿಲ್ಲ. 1984ರಲ್ಲಿ ಟಾಟಾ ಮತ್ತು ತಮಿಳುನಾಡು ಸರ್ಕಾರದ ಸಂಸ್ಥೆ ಕೂಡಿ ಕಟ್ಟಿದ ಟೈಟಾನ್, ಬೆಂಗಳೂರಿನ ಹೊಸ್ತಿಲಲ್ಲಿರುವ ಹೊಸೂರಿನಿಂದ, ವಾಚನ್ನು ಒಡವೆಯ ಹಾಗೆ ಅಲಂಕರಿಸಿ ಅಂಗಡಿಯಲ್ಲಿಟ್ಟಿತು. ಗಿರಾಕಿ ಕಾಯಬೇಕು ಎನ್ನುವ ಹಳೆಯ ಅಭ್ಯಾಸದವರಿಗೆ ಗಿರಾಕಿಗಾಗಿ ಕಾಯುವವರ ಮುಂದೆ ನಿಲ್ಲಲಾಗಲಿಲ್ಲ. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿತು. ತುಮಕೂರಿನ ಕಾರ್ಖಾನೆಯ ಜಾಗ ಈಗ ಇಸ್ರೊ ಕೈಯಲ್ಲಿದೆ. ಕೈಗಡಿಯಾರದ ನಾಡು ಎಂಬ ಹೆಸರನ್ನು ಬೆಂಗಳೂರು ಪೂರ್ತಿ ಬಿಟ್ಟಿಲ್ಲ: 2018ರಲ್ಲಿ ಶುರುವಾದ ಬೆಂಗಳೂರು ವಾಚ್ ಕಂಪನಿಯಂಥವರು ಬಾಹ್ಯಾಕಾಶ, ವಾಯುಪಡೆಯ ಕಥೆಗಳನ್ನು ಡಯಲ್‌ಗೆ ತಂದು ಸಂಗ್ರಹಕಾರರಿಗೆ ಮಾರುತ್ತಿದ್ದಾರೆ.

ಮುಚ್ಚಿದ ಸುದ್ದಿ ಬಂದ ಮೇಲೆ ಹಳೆಯ ಎಚ್‌ಎಂಟಿಗೆ ಬೇಡಿಕೆ ಎದ್ದಿತು. ಬೇಡಿಕೆಯ ಹಿಂದೆಯೇ ಮೋಸವೂ ಬಂತು. ನಾಲ್ಕು ಸತ್ತ ವಾಚುಗಳ ಭಾಗ ಸೇರಿಸಿ ಒಂದು ಮಾಡುವುದು, ಹಳೆಯ ಡಯಲ್ ಕೆರೆದು ಹಸಿರು, ಕಿತ್ತಳೆ, ನೀಲಿ ಬಣ್ಣ ಬಳಿದು ಹೊಸ ಅಕ್ಷರ ಒತ್ತುವುದು. ಸಂಗ್ರಹಕಾರರ ಬಾಯಲ್ಲಿ ಇವಕ್ಕೆ 'ಮುಂಬೈ ಸ್ಪೆಷಲ್' ಎಂದೇ ಹೆಸರು. ಅಕ್ಷರಗಳ ಅಂಚು ಕದಡಿದ್ದರೆ, ಐವತ್ತು ವರ್ಷದ ವಾಚಿನ ಮುಖ ನಿನ್ನೆ ಬಳಿದಂತೆ ಮಿನುಗುತ್ತಿದ್ದರೆ ದೂರ ಇರಿ. ತುಸು ಹಳದಿಗಟ್ಟಿದ ಮೂಲ ಡಯಲ್, ಹೊಳಪಿನ ಹೊಸ ಡಯಲ್‌ಗಿಂತ ಎಷ್ಟೋ ಮೇಲು.

ಈ ಕಾರಣಕ್ಕೇ ಮೂರು ತಾಲ್ಲೂಕಿನವರಿಗೆ ಒಂದು ಮಾತು. ಜಾಲಹಳ್ಳಿಯಲ್ಲಿರುವುದು ಕಾರ್ಖಾನೆಯ ಕಡೆಯ ಕಥೆ. ಕಟ್ಟಿದವರ ಕಡೆಯ ಕಥೆ ನಮ್ಮ ಸ್ಟೀಲ್ ಬೀರುಗಳಲ್ಲಿ, ಜಾತಕ, ಪಹಣಿ ಪತ್ರಗಳ ಕೆಳಗೆ ಬಿದ್ದಿದೆ. ಅದನ್ನು ಹೊರಗೆ ತೆಗೆಯಿರಿ. ಚಾಕುವಿನಿಂದ ಹಿಂದಿನ ಮುಚ್ಚಳ ಎಬ್ಬಬೇಡಿ. ಕೀ ಬಿಗಿಯಾಗಿದ್ದರೆ ಒತ್ತಾಯದಿಂದ ತಿರುಗಿಸಬೇಡಿ, ಒಳಗಿನ ಎಣ್ಣೆ ಅಂಟಾಗಿರುತ್ತದೆ. ಕೀ ಕೊಡುವ ವಾಚು ಬಲ್ಲ ರಿಪೇರಿಯವರು ಪೇಟೆಬೀದಿಗಳಲ್ಲಿ ಈಗಲೂ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ, ಅವರು ಅಂಗಡಿ ಮುಚ್ಚುವ ಮೊದಲು ಹೋಗಿ. ಡಯಲ್ ಬದಲಿಸಬೇಡಿ ಎಂದು ಮೊದಲೇ ಹೇಳಿ. ಯಾರದು, ಯಾವ ವರ್ಷ, ಎಲ್ಲಿ ಕೊಂಡದ್ದು, ಯಾರು ಕೊಟ್ಟದ್ದು ಎಂದು ಚೀಟಿಯಲ್ಲಿ ಬರೆದು ಜತೆಗಿಡಿ. ಕೊಳ್ಳೇಗಾಲದ ಯಾವುದಾದರೂ ಶಾಲೆಯೋ ಗ್ರಂಥಾಲಯವೋ ನಾಲ್ಕು ಮೇಜು ಹಾಕಿಕೊಟ್ಟರೆ, ಹನೂರು, ಯಳಂದೂರಿನವರೂ ತಮ್ಮ ವಾಚು ತಂದಿಟ್ಟರೆ, ಒಂದು ಭಾನುವಾರದ ಪ್ರದರ್ಶನಕ್ಕೆ ಬೇಕಾದಷ್ಟಾಯಿತು. ಮುಂದೆ ಬರುವ ಶಾಲೆ, ಸಂಘದವರು ಈ ಪುರವಣಿಗೆ ಬರೆದು ತಿಳಿಸಿ.