ದೋಣಿ ಹತ್ತುವ ಮೊದಲು

ಕಾಫಿ ಕುಯಿಲು ಮುಗಿದು, ಅಡಿಕೆ ಸುಲಿದು ಒಣಗಿಸಿ ಮಂಡಿಗೆ ಸಾಗಿಸಿದ ಮೇಲೆ ಬೆಳೆಗಾರನಿಗೆ ನಾಲ್ಕು ದಿನ ಬಿಡುವು. ಯಲಹಂಕದ ಬಳಿಯ ಅಟ್ಟೂರಿನಂಥ ಕಡೆ ನೆಲೆಸಿರುವ ಮಕ್ಕಳ ಮನೆಗೆ ನಾವು ಹೋಗುವುದು ಆಗಲೇ. ಅಲ್ಲಿಂದ ಮೊಮ್ಮಕ್ಕಳೊಡನೆ ಹಿನ್ನೀರಿಗೋ ಕಡಲಿಗೋ ಪ್ರವಾಸ, ಅದರೊಡನೆ ದೋಣಿವಿಹಾರ. ಸಂತೋಷದ ವಿಷಯವೇ. ಆದರೆ ಅಡಿಕೆ ಮರ ಹತ್ತುವವನಿಗೆ ‘ಹಗ್ಗ ನೋಡಿಕೊಳ್ಳಪ್ಪಾ’ ಎನ್ನುವ ನಾವು, ದೋಣಿ ಹತ್ತುವಾಗ ಏನನ್ನಾದರೂ ನೋಡುತ್ತೇವೆಯೆ?

2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡದ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ದೋಣಿಯಲ್ಲಿ ಮಿತಿಮೀರಿ ಜನರಿದ್ದರು. ಕೇರಳದ ತೇಕ್ಕಡಿಯಲ್ಲಿ 2009ರ ಸೆಪ್ಟೆಂಬರ್ 30ರಂದು 45 ಪ್ರವಾಸಿಗರು ನೀರುಪಾಲಾದರು. ಕಾಡುಪ್ರಾಣಿ ನೋಡಲು ಜನ ಒಂದೇ ಮಗ್ಗುಲಿಗೆ ಸರಿದದ್ದೂ ಅದಕ್ಕೆ ಒಂದು ಕಾರಣವಾಯಿತು.

ಆದ್ದರಿಂದ ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೆ: ತಯಾರಿಯೆಲ್ಲ ದಡದಲ್ಲೇ ಮುಗಿಯಲಿ.

ಹೊರಡುವ ಮುನ್ನ, ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂದು ಮನೆಯಲ್ಲಿ ಉಳಿದವರಿಗೆ ತಿಳಿಸಿರಿ. ವಿಹಾರವನ್ನು ಬೆಳಿಗ್ಗೆಯೇ ಇಟ್ಟುಕೊಳ್ಳಿರಿ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ನಾವು ಬಾಯಿಬಿಟ್ಟು ಕಾಯುವ ಹೂಮಳೆ ಬರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಗುಡುಗು ಗಾಳಿಯೊಡನೆ. ತೋಟಕ್ಕೆ ವರವಾದದ್ದು ನೀರಿನ ಮೇಲಿರುವವರಿಗೆ ಕೇಡು.

ದಡದಲ್ಲಿ ನಿಂತು ತಲೆ ಎಣಿಸಿರಿ. ದೋಣಿಗೆ ಎಷ್ಟು ಜನರ ಮಿತಿ ಎಂದು ಕೇಳಿರಿ. ಮಕ್ಕಳನ್ನೂ ಲೆಕ್ಕಕ್ಕೆ ಸೇರಿಸಿರಿ. ಲೈಫ್ ಜಾಕೆಟ್ಟನ್ನು ಕಾಲ ಬಳಿ ಇಟ್ಟುಕೊಂಡರೆ ಪ್ರಯೋಜನವಿಲ್ಲ. ದೋಣಿ ಮಗುಚಿದ ಮೇಲೆ ಅದನ್ನು ತೊಡಲು ಸಮಯ ಸಿಗದು. ಪಟ್ಟಿಗಳನ್ನೆಲ್ಲ ಬಿಗಿದು, ಭುಜದ ಬಳಿ ಹಿಡಿದು ಮೇಲಕ್ಕೆ ಎತ್ತಿ ನೋಡಿರಿ. ಗಲ್ಲ, ಕಿವಿಯವರೆಗೆ ಸರಿದರೆ ಅದು ದೊಡ್ಡದಾಯಿತೆಂದೇ ಅರ್ಥ. ದೊಡ್ಡವರ ಜಾಕೆಟ್ ಮಕ್ಕಳಿಗೆ ಬೇಡ. ನೀರಿಗೆ ಬಿದ್ದಾಗ ಮಗು ಅದರೊಳಗಿಂದ ಜಾರಿಹೋಗುತ್ತದೆ.

ದೋಣಿಯಲ್ಲಿ ಎದ್ದು ನಿಲ್ಲುವುದು, ಫೋಟೋಕ್ಕಾಗಿ ಒಂದೇ ಬದಿಗೆ ನುಗ್ಗುವುದು, ಮದ್ಯ ಸೇವಿಸಿ ಹತ್ತುವುದು ಬೇಡವೇ ಬೇಡ. ಮಗುಚಿದ ದೋಣಿ ತೇಲುತ್ತಿದ್ದರೆ ಅದನ್ನೇ ಹಿಡಿದುಕೊಂಡಿರಿ. ದಡ ಹತ್ತಿರ ಕಂಡಿತೆಂದು ಈಜಲು ಹೊರಡಬೇಡಿರಿ. ಮುಳುಗುವವರಿಗಾಗಿ ದಡದಲ್ಲಿದ್ದವರು ನೀರಿಗೆ ಹಾರುವುದೂ ಅಪಾಯವೇ. ಹಗ್ಗವನ್ನೋ, ಮುಚ್ಚಳ ಬಿಗಿದ ಖಾಲಿ ಕ್ಯಾನನ್ನೋ ಎಸೆಯಿರಿ. ತೋಟದ ಕೆರೆಯಲ್ಲಿ ತೆಪ್ಪ ಇಟ್ಟಿರುವ ಸದಸ್ಯರೂ ಇವೆರಡನ್ನು ದಡದಲ್ಲಿ ಸದಾ ಇಟ್ಟಿರಲಿ.

ಕೊನೆಯದಾಗಿ ಒಂದು ಮಾತು. ಹಣ ಕೊಟ್ಟಾಗಿರುತ್ತದೆ, ಮೊಮ್ಮಕ್ಕಳು ಹಠ ಹಿಡಿದಿರುತ್ತಾರೆ, ಹಿಂದೆ ನಿಂತವರು ಅವಸರ ಮಾಡುತ್ತಾರೆ. ಆದರೂ ದೋಣಿ ತುಂಬಿದ್ದರೆ, ಜಾಕೆಟ್ ಸಾಲದಿದ್ದರೆ, ಮೋಡ ಕವಿದಿದ್ದರೆ ‘ಇವತ್ತು ಬೇಡ’ ಎನ್ನುವವರು ಮನೆಯ ಹಿರಿಯರೇ ಆಗಬೇಕು. ನೀರಿನ ನಡುವೆ ಆ ಮಾತಿಗೆ ಬೆಲೆಯಿಲ್ಲ. ಮಕ್ಕಳ ಅಳು ಒಂದು ಐಸ್‌ಕ್ರೀಮಿಗೆ ನಿಲ್ಲುತ್ತದೆ.