ಬೆನ್ನಿನ ಆರೈಕೆ

ದೇಹದ ಅಂಗಗಳಲ್ಲಿ ಬೆನ್ನಿನಷ್ಟು ಅಲಕ್ಷ್ಯಕ್ಕೆ ಗುರಿಯಾದುದು ಪ್ರಾಯಶಃ ಮತ್ತೊಂದಿಲ್ಲ. ಮುಖವನ್ನು ದಿನಕ್ಕೆ ಹತ್ತು ಸಲ ಕನ್ನಡಿಯಲ್ಲಿ ನೋಡಿಕೊಳ್ಳುವವರೂ ಬೆನ್ನನ್ನು ನೆನೆಯುವುದು ಅದು ನೊಂದಾಗಲೇ. ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಅದು ನಮ್ಮ ಭಾರವನ್ನು ಹೊತ್ತು ಸುಮ್ಮನಿರುವುದು. ಒಂದು ದಿನ ಸೊಂಟ ಹಿಡಿದುಕೊಂಡಿತೆಂದರೆ ಮನೆಯ ಕೆಲಸವೆಲ್ಲ ನಿಂತುಹೋಗುವುದು. ವಿಶ್ವ ಆರೋಗ್ಯ ಸಂಸ್ಥೆಯ ಗಣನೆಯಂತೆ 2020ರಲ್ಲಿ ಲೋಕದಲ್ಲಿ ಸೊಂಟನೋವಿನಿಂದ ಬಳಲುತ್ತಿದ್ದವರು 61 ಕೋಟಿ 90 ಲಕ್ಷ ಮಂದಿ. ಮನುಷ್ಯರನ್ನು ಅಶಕ್ತರನ್ನಾಗಿ ಮಾಡುವ ಕಾರಣಗಳಲ್ಲಿ ಇದಕ್ಕೇ ಮೊದಲನೆಯ ಸ್ಥಾನ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿಯೇ ನಡೆದ ಸಂಗತಿಯೊಂದನ್ನು ಇಲ್ಲಿ ಹೇಳಬೇಕಾಗಿದೆ. ನಮ್ಮ ಅತ್ತಿಗೆಯವರು ಒಂದು ಬೆಳಿಗ್ಗೆ, ಬಾಗಿಲಲ್ಲಿ ಇಳಿಸಿಹೋಗಿದ್ದ ಕುಡಿಯುವ ನೀರಿನ ಕ್ಯಾನನ್ನು ಅವಸರದಿಂದ ಎತ್ತಲು ಹೋಗಿ, “ಅಮ್ಮಾ!” ಎಂದು ಅಲ್ಲಿಯೇ ಕುಳಿತುಬಿಟ್ಟರು. ನಮ್ಮ ತಾಯಿಯವರು ಓಡಿಬಂದು, “ಏಳಬೇಡ ಕಣಮ್ಮ, ಕೆಲಸ ಹೇಗಾದರೂ ಆಗುತ್ತೆ, ನೀನು ಮಲಗಿರು” ಎಂದು ಹಾಸಿಗೆ ಹಾಸಿಕೊಟ್ಟರು. ಮೂರು ವಾರಗಳ ಕಾಲ ಊಟ, ಕಾಫಿಗಳೆಲ್ಲ ಹಾಸಿಗೆಯ ಬಳಿಗೇ ಹೋದುವು. ಕಡೆಗೆ ಅವರು ಎದ್ದು ನಿಂತಾಗ ಕಾಲುಗಳು ನಡುಗುತ್ತಿದ್ದುವು, ನೋವು ಮೊದಲಿಗಿಂತ ಹೆಚ್ಚಾಗಿತ್ತು, ಬಗ್ಗುವುದೆಂದರೆ ಭಯ. ಪರೀಕ್ಷಿಸಿ ನೋಡಿದ ವೈದ್ಯರು, “ಉಳುಕು ತಾನಾಗಿಯೇ ಹೋಗತಕ್ಕದ್ದು, ಮಿಕ್ಕದ್ದೆಲ್ಲ ನೀವು ಪ್ರೀತಿಯಿಂದ ಉಂಟುಮಾಡಿದ್ದು” ಎಂದರು. ನಾವೆಲ್ಲರೂ ತಲೆ ತಗ್ಗಿಸಿದೆವು.

ಪ್ರೀತಿಯಿಂದಲೂ ಹೀಗೆ ಕೇಡಾಗುವುದೇಕೆ? ಬೆನ್ನಿನ ರಚನೆಯನ್ನು ಸ್ವಲ್ಪ ಅರಿತರೆ ಇದು ತಿಳಿಯುವುದು. ಬೆನ್ನೆಲುಬೆಂಬುದು ಒಂದೇ ಎಲುಬಲ್ಲ. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5, ಹೀಗೆ 24 ಬಿಡಿ ಮಣಿಗಳು ಒಂದರ ಮೇಲೊಂದು ಕುಳಿತಿವೆ. ತೀರ ಮೇಲಿನ ಎರಡು ಮಣಿಗಳ ನಡುವಣ ಸಂದಿಯೊಂದನ್ನು ಬಿಟ್ಟು ಉಳಿದ ಮಣಿಗಳ ನಡುವೆ ಮೆತ್ತೆಯಂತಹ ಬಿಲ್ಲೆಗಳಿರುವುವು. ಬಿಲ್ಲೆಯ ಹೊರಸುತ್ತು ಗಟ್ಟಿಯಾದ ನಾರು. ಒಳಗೆ ನೀರು ತುಂಬಿದ ಮೃದುವಾದ ತಿರುಳು. ರಾತ್ರಿ ನಾವು ಮಲಗಿದಾಗ ಇವು ನೀರನ್ನು ಹೀರಿ ಉಬ್ಬುವುವು. ಆದುದರಿಂದಲೇ ಬೆಳಿಗ್ಗೆ ನಮ್ಮ ಎತ್ತರವು ಸಂಜೆಗಿಂತ ಸುಮಾರು 1ರಿಂದ 2 ಸೆಂಟಿಮೀಟರಿನಷ್ಟು ಹೆಚ್ಚಾಗಿರುವುದು. ಬೆಳೆದವರಲ್ಲಿ ಬಿಲ್ಲೆಯ ಒಳಭಾಗಕ್ಕೆ ರಕ್ತನಾಳಗಳಿಲ್ಲ. ಸುತ್ತಲಿನಿಂದ ಒಸರಿಬರುವ ಆಹಾರವೇ ಅದಕ್ಕೆ ಗತಿ. ಮೈ ಆಡಿದಂತೆಲ್ಲ ಬಿಲ್ಲೆಯು ಅಮುಕಿ ಸಡಿಲಿ, ಈ ಒಸರುವಿಕೆಗೆ ಸಹಾಯವಾಗುವುದು. ಇನ್ನು ಬೆನ್ನು, ಹೊಟ್ಟೆ, ಪೃಷ್ಠಗಳ ಸ್ನಾಯುಗಳು, ಕಂಬವನ್ನು ನಾಲ್ಕು ದಿಕ್ಕಿನಿಂದ ಹಗ್ಗಗಳು ಬಿಗಿದು ನಿಲ್ಲಿಸುವಂತೆ, ಈ ಮಣಿಗಳ ಸಾಲನ್ನು ನಿಲ್ಲಿಸಿರುವುವು. ಉಪಯೋಗಿಸದ ಸ್ನಾಯುವು ಬಲಗುಂದುವುದೆಂಬುದು ಎಲ್ಲರೂ ಬಲ್ಲ ವಿಷಯ. ಎಂದಮೇಲೆ ಬೆನ್ನಿಗೆ ಚಲನೆಯೇ ಆಹಾರ, ಚಲನೆಯೇ ಬಲ.

ಮೊದಲು ಭಾರವನ್ನು ಎತ್ತುವ ಕ್ರಮವನ್ನು ನೋಡೋಣ. 1999ರಲ್ಲಿ ಜರ್ಮನಿಯ ವಿಜ್ಞಾನಿಗಳು ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಸ್ವಯಂಸೇವಕನೊಬ್ಬನ ಸೊಂಟದ ಬಿಲ್ಲೆಯೊಳಗಿನ ಒತ್ತಡವನ್ನು ಅಳೆಯಲಾಯಿತು. ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ 20 ಕಿಲೋಗ್ರಾಂ ಭಾರವನ್ನು ಎತ್ತಿದಾಗ ಒತ್ತಡವು ಸುಮ್ಮನೆ ನಿಂತಾಗಿನದಕ್ಕಿಂತ ಸುಮಾರು ನಾಲ್ಕೂವರೆ ಪಟ್ಟಾಯಿತು. ಮೊಣಕಾಲು ಮಡಿಸಿ ಬೆನ್ನನ್ನು ನೆಟ್ಟಗಿಟ್ಟು ಎತ್ತಿದಾಗ ಸುಮಾರು ಮೂರೂವರೆ ಪಟ್ಟು. ಎತ್ತಿದ್ದನ್ನು ಮೈಗೆ ಅವಚಿಕೊಂಡು ನಿಂತಾಗ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು. ನಮ್ಮ ಮನೆಗಳ 20 ಲೀಟರಿನ ನೀರಿನ ಕ್ಯಾನಿನ ತೂಕವೂ ಸರಿಸುಮಾರು ಇಷ್ಟೇ! ಅಭ್ಯಾಸವಿರುವ ಬೆನ್ನು ಈ ಒತ್ತಡವನ್ನು ತಾಳಬಲ್ಲುದು. ಅಭ್ಯಾಸವಿಲ್ಲದ ಬೆನ್ನಿಗೆ ಇದು ಏಕಾಏಕಿ ಬಂದರೆ ಅಪಾಯವುಂಟು. ಆದುದರಿಂದ ವಸ್ತುವಿನ ಹತ್ತಿರ ನಿಂತು, ಮೊಣಕಾಲು ಮಡಿಸಿ, ಅದನ್ನು ಮೈಗೆ ಸೇರಿಸಿಕೊಂಡು ಎತ್ತತಕ್ಕದ್ದು. ಎತ್ತುವಾಗಲೇ ಸೊಂಟವನ್ನು ತಿರುಚಕೂಡದು, ಪಾದಗಳನ್ನೇ ತಿರುಗಿಸಬೇಕು. ಗ್ಯಾಸ್ ಸಿಲಿಂಡರನ್ನು ಗಾಲಿಯ ಮಣೆಯ ಮೇಲೆ ಸಾಗಿಸುವುದೂ, ಕ್ಯಾನಿನ ನೀರನ್ನು ಚಿಕ್ಕ ಬಿಂದಿಗೆಗಳಿಗೆ ಬಗ್ಗಿಸಿಕೊಳ್ಳುವುದೂ ಜಾಣತನವೇ ಹೊರತು ಸೋಮಾರಿತನವಲ್ಲ. ಗಿಡ್ಡ ಪೊರಕೆಗೆ ಬದಲಾಗಿ ಉದ್ದ ಹಿಡಿಯದನ್ನು ತಂದರೆ ಗುಡಿಸುವವರ ಸೊಂಟಕ್ಕೆ ಎಷ್ಟೋ ಉಪಕಾರವಾಗುವುದು.

ಎತ್ತುವವರಿಗಿಂತಲೂ ಕುಳಿತವರ ಪಾಡು ಮೇಲೆಂದು ತಿಳಿಯಬಾರದು. “ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು” ಎಂಬ ಗಾದೆಯು ಹಣಕ್ಕೆ ಹೇಗೋ ಬೆನ್ನಿಗೂ ಹಾಗೆಯೇ ಸಲ್ಲುವುದು. ಕಂಪ್ಯೂಟರಿನ ಮುಂದೆ ಐದಾರು ಗಂಟೆ ಅಲುಗದೆ ಕುಳಿತು, ಮನೆಗೆ ಬಂದು ಮೊಬೈಲಿನ ಮೇಲೆ ಕುತ್ತಿಗೆ ಬಗ್ಗಿಸುವವರಿಗೆ ಯಾವ ಬೆಲೆಬಾಳುವ ಕುರ್ಚಿಯೂ ರಕ್ಷೆಯಾಗಲಾರದು. ನೆಟ್ಟಗೆ ಕುಳಿತರೂ ಬಹಳ ಹೊತ್ತು ಕುಳಿತರೆ ಬೆನ್ನು ಬೇಸರಗೊಳ್ಳುವುದು. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯುವುದೇ ಸುಲಭೋಪಾಯ. ಅಡುಗೆಮನೆಯಲ್ಲಿ ಬಹಳ ಹೊತ್ತು ನಿಲ್ಲುವ ಗೃಹಿಣಿಯರು ಒಂದು ಕಾಲನ್ನು ಗಿಡ್ಡ ಮಣೆಯ ಮೇಲಿಟ್ಟು, ಆಗಾಗ ಕಾಲು ಬದಲಿಸುತ್ತಿದ್ದರೆ ಸೊಂಟಕ್ಕೆ ಹಾಯೆನಿಸುವುದು.

ಇವೆಲ್ಲಕ್ಕಿಂತ ಮುಖ್ಯವಾದುದು ನಡಿಗೆ. ಒಮ್ಮೆ ಸೊಂಟನೋವು ಬಂದು ವಾಸಿಯಾದ 701 ಮಂದಿಯನ್ನು ಆಸ್ಟ್ರೇಲಿಯಾದಲ್ಲಿ ಪರಿಶೀಲಿಸಿ, ಅದರ ಫಲಿತಾಂಶವನ್ನು 2024ರಲ್ಲಿ ಪ್ರಕಟಿಸಿದರು. ತಿಳಿವಳಿಕೆಯೊಡನೆ ನಡಿಗೆಯನ್ನು ಕ್ರಮಕ್ರಮವಾಗಿ ಹೆಚ್ಚಿಸಿ, ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆಯ ಗುರಿಯನ್ನಿಟ್ಟುಕೊಂಡವರಿಗೆ ನೋವು ಮರಳಿ ಬರಲು ಸಾಮಾನ್ಯವಾಗಿ 208 ದಿನಗಳು ಹಿಡಿದುವು. ಆ ಏರ್ಪಾಡಿಲ್ಲದವರಿಗೆ 112 ದಿನಗಳಲ್ಲಿಯೇ ಬಂದಿತು. ಈ ಔಷಧಕ್ಕೆ ಕಾಸಿನ ಖರ್ಚಿಲ್ಲ. ಸೊಂಟಪಟ್ಟಿಯು ನೋವನ್ನು ತಡೆಯುವುದೆಂಬ ನಂಬಿಕೆಗೆ ಮಾತ್ರ, 2016ರಲ್ಲಿ ಅನೇಕ ಪ್ರಯೋಗಗಳನ್ನು ಒಟ್ಟಿಗೆ ತೂಗಿನೋಡಿದಾಗ, ಆಧಾರ ದೊರೆಯಲಿಲ್ಲ, ವ್ಯಾಯಾಮಕ್ಕೆ ದೊರೆಯಿತು.

ಗಟ್ಟಿ ಹಲಗೆಯ ಮೇಲೆ ಮಲಗಿದರೆ ಒಳ್ಳೆಯದೆಂಬ ಮಾತೂ ರೂಢಿಯಲ್ಲಿದೆ. ಸ್ಪೇನಿನಲ್ಲಿ 313 ಮಂದಿ ರೋಗಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬಹು ಗಟ್ಟಿಯಾದ ಹಾಸಿಗೆಗಿಂತ ಮಧ್ಯಮ ಗಟ್ಟಿಯ ಹಾಸಿಗೆಯೇ ಹಿತಕರವೆಂದು ಕಂಡುಬಂದಿತು.

ಇಷ್ಟಾದರೂ ನೋವು ಬಂದರೆ? ಹೆದರಬೇಕಾಗಿಲ್ಲ. ಬಿಸಿ ಶಾಖ ಕೊಟ್ಟು, ತಾಳುವಷ್ಟು ಮಟ್ಟಿಗೆ ಓಡಾಡುತ್ತಿರಬೇಕು. 1986ರಲ್ಲಿ ಅಮೆರಿಕೆಯಲ್ಲಿ ಕೆಲವರಿಗೆ ಎರಡು ದಿನ, ಕೆಲವರಿಗೆ ಏಳು ದಿನ ಮಲಗಿರುವಂತೆ ಹೇಳಿ ನೋಡಿದರು. ಗುಣದಲ್ಲಿ ಭೇದ ಕಾಣಲಿಲ್ಲ. ಎರಡು ದಿನದವರು ಬೇಗ ಕೆಲಸಕ್ಕೆ ಮರಳಿದರು. ಆದರೆ ನೋವಿನೊಡನೆ ಕಾಲಿನಲ್ಲಿ ಬಲ ಕುಂದಿದರೆ, ತೊಡೆಯ ಸಂದಿಯಲ್ಲಿ ಜೋಮು ಹಿಡಿದರೆ, ಮಲಮೂತ್ರಗಳ ಹತೋಟಿ ತಪ್ಪಿದರೆ, ಜ್ವರ ಬಂದರೆ, ಕಾರಣವಿಲ್ಲದೆ ಮೈ ಇಳಿದರೆ, ಅಥವಾ ವಯಸ್ಸಾದವರು ಬಿದ್ದು ನೋವು ಬಂದಿದ್ದರೆ, ಮನೆಮದ್ದಿನಲ್ಲಿ ಕಾಲ ಕಳೆಯದೆ ಕೂಡಲೇ ವೈದ್ಯರಲ್ಲಿಗೆ ಹೋಗತಕ್ಕದ್ದು.

ನಮ್ಮ ಅತ್ತಿಗೆಯವರು ಮೊದಲ ದಿನ ನಡೆದದ್ದು ಬೀದಿಯ ಕೊನೆಯವರೆಗೆ ಮಾತ್ರ. ಜೊತೆಯಲ್ಲಿ ಕೈಹಿಡಿದು ಹೋದವರು, ಮಲಗಿರೆಂದಿದ್ದ ನಮ್ಮ ತಾಯಿಯವರೇ. ಈಗ ಅತ್ತೆ ಸೊಸೆಯರಿಬ್ಬರೂ ದಿನವೂ ಸಂಜೆ ಅರ್ಧ ಗಂಟೆ ನಡೆದು ಬರುತ್ತಾರೆ. ನೊಂದವರಿಗೆ ಹಾಸಿಗೆ ಹಾಸಿಕೊಡುವುದು ಪ್ರೀತಿಯೇ ಸರಿ. ಕೈಹಿಡಿದು ಎಬ್ಬಿಸಿ ನಡೆಸುವುದು ಅದಕ್ಕಿಂತ ಹೆಚ್ಚಿನ ಪ್ರೀತಿ.